ಒಂದು ಪಟ, ಎರಡು ತಾರೀಖು

ಜೇಬಿನಲ್ಲಿ ಐವತ್ತು ರೂಪಾಯಿಯ ಹೊಸ ನೋಟಿದ್ದರೆ ತೆಗೆದು ಹಿಂಬದಿ ನೋಡಿ. 2017ರಲ್ಲಿ ಚಲಾವಣೆಗೆ ಬಂದ ಆ ತಿಳಿನೀಲಿ ನೋಟಿನ ಮೇಲೆ ಹಂಪಿಯ ಕಲ್ಲಿನ ತೇರಿದೆ. ನೆತ್ತಿ ಬೋಳು. ಇದೇ ತೇರನ್ನು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಪಟ ತೆಗೆದಿದ್ದಾನೆ. ಅದರಲ್ಲಿ ತೇರಿನ ಮೇಲೊಂದು ಇಟ್ಟಿಗೆಯ ಗೋಪುರ ನಿಂತಿದೆ! ಆಮೇಲೆ ಯಾವಾಗಲೋ ಅದನ್ನು ಇಳಿಸಿಬಿಟ್ಟರು. ಗೋಡೆ ಕ್ಯಾಲೆಂಡರಿನಷ್ಟು ದೊಡ್ಡ ಕಾಗದದ ನೆಗೆಟಿವ್ ಹೊತ್ತುಕೊಂಡು ಹಂಪಿ ಬಿಸಿಲಲ್ಲಿ ಅಲೆದ ಆತ ಆ ಗೋಪುರಕ್ಕೆ ಸಾಕ್ಷಿಯಾದ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್, ಗ್ರೀನ್‌ಲಾ ಕ್ಯಾಮೆರಾ ನಿಲ್ಲಿಸಿದ ಜಾಗಗಳನ್ನೇ ಹುಡುಕಿ ಅಲ್ಲಿಂದಲೇ ಮತ್ತೆ ಪಟ ತೆಗೆದ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಸ್ಮಾರಕದ ಪಟ ಎಂದರೇನು ಎಂದು ಬೇರೆ ಹೇಳಿಕೊಡಬೇಕಾಗಿಲ್ಲ.

ನೋಡದವರಿಗೆ ಹೇಳುತ್ತೇನೆ. ಸ್ಮಾರಕದ ಒಳ್ಳೆಯ ಪಟದಲ್ಲಿ ಎರಡು ತಾರೀಖು ಇರುತ್ತವೆ. ಒಂದು ಕಲ್ಲಿನದು, ಇನ್ನೊಂದು ಕ್ಯಾಮೆರಾ ಒತ್ತಿದ ದಿನದ್ದು. ಮೊದಲನೆಯದು ಮಾತ್ರ ಇದ್ದರೆ ಅದು ಪ್ರವಾಸೋದ್ಯಮದ ಕ್ಯಾಲೆಂಡರು. ಎರಡನೆಯದು ಮಾತ್ರ ಇದ್ದರೆ ಅದು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಆಗಸ್ಟ್ 15ರ ಬೆಳಿಗ್ಗೆ ಬಂದು ಬೀಳುವ ಪಟ: ಹಿಂದೆ ಯಾವುದೋ ಕೋಟೆ, ಮುಂದೆ ಬಾವುಟ ಹಿಡಿದ ಸೆಲ್ಫಿ. ಕೋಟೆಯ ಬದಲು ಬಸ್‌ ಸ್ಟ್ಯಾಂಡ್ ಇದ್ದರೂ ನಡೆಯುತ್ತಿತ್ತು.

ರಾಷ್ಟ್ರೀಯ ಹಬ್ಬದ ದಿನ ಸ್ಮಾರಕದ ಮುಂದೆ ಹೋಗಿ ನಿಲ್ಲಿ ಎಂದು ನಾನು ಹೊಸಬರಿಗೆ ಹೇಳುವುದು ಇದಕ್ಕೇ. ಆ ದಿನ ಎರಡನೆಯ ತಾರೀಖು ತಾನಾಗಿ ಕಣ್ಣಿಗೆ ಬೀಳುತ್ತದೆ.

ಇದಕ್ಕೆ ನಮ್ಮ ಸಿರುಗುಪ್ಪ ತಾಲ್ಲೂಕಿಗಿಂತ ಒಳ್ಳೆಯ ಶಾಲೆ ಇಲ್ಲ. ಭತ್ತದ ಗದ್ದೆ, ರೈಸ್‌ ಮಿಲ್ಲು ಬಿಟ್ಟರೆ ಇಲ್ಲಿ ನೋಡಲು ಏನಿದೆ ಎಂದು ನಮ್ಮವರೇ ಕೇಳುತ್ತಾರೆ. ನಿಟ್ಟೂರು, ಉಡೇಗೋಳ ಇವೆ. ಎರಡೂ ಕಡೆ ಅಶೋಕನ ಶಾಸನ ಸಿಕ್ಕಿದೆ, ಅದೂ 1970ರ ದಶಕದಲ್ಲಿ. ಅಶೋಕ ತನ್ನ ಶಾಸನಗಳಲ್ಲಿ ಸಾಮಾನ್ಯವಾಗಿ ‘ದೇವಾನಾಂಪ್ರಿಯ’ ಎಂದಷ್ಟೇ ಕರೆದುಕೊಳ್ಳುತ್ತಾನೆ, ಹೆಸರು ಹೇಳುವುದಿಲ್ಲ. ಅವನ ಸ್ವಂತ ಹೆಸರು ಕೆತ್ತಿದ ಶಾಸನಗಳು ಬೆರಳೆಣಿಕೆಯಷ್ಟು. ರಾಯಚೂರು ಜಿಲ್ಲೆಯ ಮಸ್ಕಿ, ಮಧ್ಯಪ್ರದೇಶದ ಗುಜರ್ರಾ, ಮಿಕ್ಕವು ನಮ್ಮ ಈ ಎರಡು ಹಳ್ಳಿ. 1947ರ ಜುಲೈ 22ರಂದು ಸಂವಿಧಾನ ಸಭೆ ಒಪ್ಪಿದ ಬಾವುಟದ ನಡುವೆ ಇರುವ 24 ಅರಗಳ ಚಕ್ರ ಈ ಅಶೋಕನದು. 1950ರ ಜನವರಿ 26ರಂದು ದೇಶದ ಲಾಂಛನವಾದ ಸಿಂಹಗಳು ಸಾರನಾಥದ ಅವನ ಕಂಬದವು. ಜನವರಿ 26ರಂದು ಸಿರುಗುಪ್ಪದ ಶಾಲಾ ಮೈದಾನದಲ್ಲಿ ಏರುವ ಚಕ್ರದ ಯಜಮಾನನ ಹೆಸರು ಅದೇ ತಾಲ್ಲೂಕಿನ ಬಂಡೆಯ ಮೇಲಿದೆ. ಧ್ವಜವಂದನೆಗೆ ಬಂದ ಮಕ್ಕಳಲ್ಲಿ ಎಷ್ಟು ಮಂದಿಗೆ ಇದನ್ನು ಹೇಳಿದ್ದೇವೆ?

ಆದರೆ ಹೋದ ತಕ್ಷಣ ಪಟ ಸಿಗುವುದಿಲ್ಲ. ಬ್ರಾಹ್ಮಿ ಅಕ್ಷರಗಳು ಆಳವಾಗಿ ಕೊರೆದವಲ್ಲ, ಮೇಲುಮೇಲೆ ಗೀರಿದಂಥವು. ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ಬರೀ ಬಂಡೆ ಕಾಣುತ್ತದೆ. ಅಕ್ಷರ ಕಾಣಬೇಕಾದರೆ ಬೆಳಕು ಕಲ್ಲಿಗೆ ಎದುರಿನಿಂದ ಬೀಳಬಾರದು, ಪಕ್ಕದಿಂದ ಸವರಿಕೊಂಡು ಹೋಗಬೇಕು. ಆಗ ಪ್ರತಿ ಗೀರಿನ ಒಂದು ಅಂಚು ನೆರಳಾಗಿ, ಇನ್ನೊಂದು ಅಂಚು ಹೊಳೆದು ಅಕ್ಷರ ಎದ್ದು ಕೂರುತ್ತದೆ. ಜನವರಿ ಬೆಳಗಿನ ಬಿಸಿಲು ತಗ್ಗಿನಲ್ಲಿ ಹರಿಯುವುದರಿಂದ ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ. ಕಲ್ಲಿನ ಮುಖ ಬೇರೆ ದಿಕ್ಕಿಗಿದ್ದರೆ ಒಬ್ಬರ ಕೈಗೆ ಟಾರ್ಚ್ ಕೊಟ್ಟು ಕಲ್ಲಿನ ಮೈಗೆ ತಾಗಿದಂತೆ ಪಕ್ಕದಲ್ಲಿ ಹಿಡಿಸಿ. ಮೊಬೈಲಿನ ಫ್ಲಾಶ್ ಮಾತ್ರ ಬೇಡ. ಅದು ಮೂಗಿನ ನೇರಕ್ಕೆ ಹೊಡೆದು ಇದ್ದಬದ್ದ ನೆರಳನ್ನೂ ನುಂಗಿಬಿಡುತ್ತದೆ.

ಸೀಮೆಸುಣ್ಣವೂ ಬೇಡ. ಇದನ್ನು ನಾನು ಸ್ವಂತ ಪಾಪದ ಮೇಲೆ ಹೇಳುತ್ತಿದ್ದೇನೆ. ಕಾಲೇಜಿನ ದಿನಗಳಲ್ಲಿ ಗುಡಿಯೊಂದರ ಹಿಂದಿನ ಹಳಗನ್ನಡ ಶಾಸನಕ್ಕೆ ಸಾಲುಸಾಲು ಸುಣ್ಣ ತುಂಬಿ, ಚೆಂದದ ಪಟ ತೆಗೆದು, ಶಾಸನ ಓದಬಲ್ಲ ಮೇಷ್ಟ್ರೊಬ್ಬರಿಗೆ ತೋರಿಸಿದೆ. ಕನ್ನಡಕ ಏರಿಸಿ ಸ್ವಲ್ಪ ಹೊತ್ತು ನೋಡಿದರು.

“ಇದು ಯಾವ ಅರಸನ ಶಾಸನ ಅಲ್ಲಪಾ, ನಿಂದೇ ಶಾಸನ. ಇಲ್ಲಿ ‘ಮ’ ಅಂತ ನೀನು ತುಂಬೀದಿ, ಕಲ್ಲಾಗ ‘ವ’ ಐತೋ ಏನೋ, ಈಗ ಯಾರಿಗೆ ಗೊತ್ತಾಗಬೇಕು?”

ನಾನು ತುಂಬಿದ್ದು ನನ್ನ ಊಹೆಯನ್ನು. ಅಂದಿನಿಂದ ಸುಣ್ಣ ಬಳಿದ ಶಾಸನದ ಪಟ ಕಂಡರೆ, ಎಷ್ಟೇ ಸ್ಪಷ್ಟವಾಗಿರಲಿ, ನಾನು ನಂಬುವುದಿಲ್ಲ. ನೀವೂ ನಂಬಬೇಡಿ.

ಇನ್ನು ಬಳ್ಳಾರಿ ಕೋಟೆ. ಬೋಳು ಬಂಡೆಯ ಗುಡ್ಡದ ಮೇಲೆ ವಿಜಯನಗರದ ಕಾಲದ ಹನುಮಪ್ಪ ನಾಯಕ ಕಟ್ಟಿಸಿದ್ದು ಮೇಲಿನ ಕೋಟೆ. ಊರು ಕೈಗೆ ಬಂದ ಮೇಲೆ ಹೈದರ್ ಅಲಿ ಕೆಳಕೋಟೆ ಸೇರಿಸಿದ. ಕೆಲಸ ನೋಡಿಕೊಂಡವನು ಫ್ರೆಂಚ್ ಎಂಜಿನಿಯರ್. ಕಟ್ಟಿ ಮುಗಿದ ಮೇಲೆ ನೋಡಿದರೆ ಪಕ್ಕದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ, ಅಲ್ಲಿಂದ ಗುಂಡು ಹಾರಿಸಿದರೆ ಕೋಟೆಯ ಕತೆ ಮುಗಿಯಿತು. ಸಿಟ್ಟಿಗೆದ್ದ ಹೈದರ್ ಎಂಜಿನಿಯರನನ್ನು ಗಲ್ಲಿಗೇರಿಸಿದ ಎಂದು ಊರಲ್ಲಿ ಹೇಳುತ್ತಾರೆ. ದಂತಕತೆಯೇ ಇರಬಹುದು, ಪಟ ತೆಗೆಯುವವರಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಕೋಟೆಯನ್ನು ಕೋಟೆಯ ಬುಡದಿಂದ ತೆಗೆಯಬೇಡಿ. ಬುಡದಿಂದ ಎಲ್ಲ ಕೋಟೆಯೂ ಅಜೇಯವೇ. ದೂರ ಸರಿದು ಎರಡೂ ಗುಡ್ಡ ಒಂದೇ ಚೌಕಟ್ಟಿನೊಳಗೆ ಬರುವ ಜಾಗ ಹುಡುಕಿ. ಆ ಎಂಜಿನಿಯರ್ ನಿಲ್ಲದೆ ಹೋದ ಜಾಗ ಅದು. ಕುಂಬಾರ ಗುಡ್ಡ ಒಂದು ಕಡೆಯಿಂದ ಮಲಗಿದ ಮನುಷ್ಯನ ಮುಖದಂತೆ ಕಾಣುವುದೂ ಹೀಗೆ ಸುತ್ತಾಡಿದವರಿಗೇ.

ಆಗಸ್ಟ್ 15ಕ್ಕೆ ಕೋಟೆಗೆ ಹೋಗುವವರು ಮೋಡ ಕವಿದಿದೆ ಎಂದು ಬೇಸರ ಪಡಬೇಡಿ. ಬಿಸಿಲಲ್ಲಿ ಕಣ್ಣು ಕುಕ್ಕುವ ಆ ಬಂಡೆಯ ಬೂದು, ಕೆಂಪು, ಕಪ್ಪು ಪಟ್ಟೆಗಳು ಮೋಡದ ಬೆಳಕಲ್ಲೇ ಬಿಡಿಸಿ ಕಾಣುವುದು. ಬಾವುಟವನ್ನೂ ಹತ್ತಿರದಿಂದ ನೋಡಿ. ಪಾಲಿಯೆಸ್ಟರ್ ಬಟ್ಟೆ ಬೆಳಕಿಗೆ ಮಿಂಚಿ ಪಟದಲ್ಲಿ ಬಿಳಿಯ ಕಲೆಯಾಗುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿದ ಖಾದಿ ಬಾವುಟ ಬೆಳಕು ಕುಡಿದುಕೊಳ್ಳುತ್ತದೆ, ಮಡಿಕೆ ಮಡಿಕೆಯೂ ಕಾಣುತ್ತದೆ.

ಬಳ್ಳಾರಿಯವರಿಗೆ ಇನ್ನೊಂದು ದಿನವಿದೆ. ನಾಡೆಲ್ಲ ನವೆಂಬರ್ 1 ಅಂದರೆ ನಮಗೆ ಅಕ್ಟೋಬರ್ 1 ಕೂಡ. 1953ರ ಆ ದಿನ ಮದ್ರಾಸ್ ರಾಜ್ಯ ಒಡೆದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ಅತ್ತ ಹೋದವು, ಸಿರುಗುಪ್ಪವೂ ಸೇರಿ ಏಳು ತಾಲ್ಲೂಕು ಮೈಸೂರಿಗೆ ಬಂದವು. ಆ ಸಂಭ್ರಮಕ್ಕೆ ಹಾಕಿದ್ದ ಚಪ್ಪರವನ್ನು ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ಮೇಲೆ ಆಸಿಡ್ ಬಲ್ಬ್ ಎಸೆದರು, ಅವರು ಉಳಿಯಲಿಲ್ಲ. ಈ ದಿನಕ್ಕೆ ಎಂಥ ಪಟ ತೆಗೆಯುತ್ತೀರಿ? ಕೋಟೆಯಿಲ್ಲ, ಗೋಪುರವಿಲ್ಲ. ನನಗೆ ಹೊಳೆಯುವುದು ಇಷ್ಟೇ: ಸಿರುಗುಪ್ಪದಿಂದ ಆದವಾನಿ ರಸ್ತೆ ಹಿಡಿದು ಗಡಿಯ ಬಳಿ ನಿಲ್ಲಿ. ಬೋರ್ಡಿನ ಈ ಮಗ್ಗುಲು ಕನ್ನಡ, ಆ ಮಗ್ಗುಲು ತೆಲುಗು. ಹಿಂದೆ ಹೊಡೆ ಕಟ್ಟುತ್ತಿರುವ ಭತ್ತ ಎರಡೂ ಕಡೆ ಒಂದೇ ಹಸಿರು. ಸ್ಮಾರಕವೆಂದರೆ ಕಲ್ಲೇ ಆಗಬೇಕೆಂದು ಯಾರು ಹೇಳಿದರು?

ಕುರುಗೋಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿಂದರು ಆಳಿದ ಊರು, ಗುಡ್ಡದ ಸುತ್ತ ಚಾಲುಕ್ಯ ಶೈಲಿಯ ಹಳೆಯ ಗುಡಿಗಳು, ದೊಡ್ಡಬಸವೇಶ್ವರ ಗುಡಿಯಲ್ಲಿ ಸುಮಾರು 12 ಅಡಿಯ ಒಂದೇ ಕಲ್ಲಿನ ಬಸವಣ್ಣ. ಇಲ್ಲಿ ನಂದಿ ಹೊರಗೆ ಕಾಯುವವನಲ್ಲ, ಅವನೇ ಒಳಗಿನ ದೇವರು. ಪೂಜೆ ನಡೆಯುವ ಗುಡಿ, ಆದ್ದರಿಂದ ಪೂಜಾರರನ್ನು ಕೇಳಿ, ಬೇಡವೆಂದರೆ ಕೈಮುಗಿದು ಹೊರಗೆ ಬನ್ನಿ. ಹೊರಗಿನ ಪಾಳುಗುಡಿಗಳ ಕಂಬಗಳಿಗೆ ಸಂಜೆಯ ಬಿಸಿಲು ಬೀಳುವ ಹೊತ್ತು ಸಾಕು ನಮಗೆ. ತಿರುಗಿಸಿ ಮಾಡಿದ ಆ ಕಂಬಗಳ ಬಳೆಬಳೆಯ ಗೆರೆ ಆಗ ಚೆನ್ನಾಗಿ ಕಾಣುತ್ತದೆ.

ತೆಗೆಯುವ ಆಸೆ ಇಲ್ಲದೆ ಬರೀ ನೋಡಿ ಸುಖಪಡುವವರಿಗೆ ನನ್ನ ಉಪಾಯ ಒಂದೇ. ಯಾವ ಪಟವೇ ಬರಲಿ, ಸ್ಮಾರಕವನ್ನು ಹೆಬ್ಬೆರಳಿನಿಂದ ಮುಚ್ಚಿ ಮಿಕ್ಕಿದ್ದನ್ನು ನೋಡಿ. ನೆರಳು ಎಷ್ಟು ಉದ್ದವಿದೆ, ಗದ್ದೆಯಲ್ಲಿ ನೀರಿದೆಯೋ ಕೂಳೆ ಇದೆಯೋ, ಕಂಬಕ್ಕೆ ಕಟ್ಟಿದ ವೈರು, ಮೂಲೆಯಲ್ಲಿ ಒಣಹಾಕಿದ ಸೀರೆ. ಇವುಗಳಿಂದ ತಿಂಗಳು, ಹೊತ್ತು ಹೇಳಲು ಬಂದರೆ ಆ ಪಟ ಉಳಿಯುತ್ತದೆ. ವೈರು, ಸೀರೆಗಳನ್ನು ಕಂಪ್ಯೂಟರಿನಲ್ಲಿ ಅಳಿಸಿ ಬಹುಮಾನ ಗೆದ್ದ ಪಟಗಳೂ ಇವೆ. ನನ್ನ ಮಟ್ಟಿಗೆ ಅವು ಸುಣ್ಣ ತುಂಬಿದ ಶಾಸನಗಳೇ.

ಮುಂದಿನ ಜನವರಿ 26ರಂದು ಧ್ವಜವಂದನೆ, ಮಿಠಾಯಿ ಮುಗಿಸಿ, ಸಿರುಗುಪ್ಪದಲ್ಲಿ ಒಂದು ಪ್ಲೇಟು ಒಗ್ಗಾಣಿ, ಎರಡು ಮಿರ್ಚಿ ತಿಂದು ನಿಟ್ಟೂರಿನ ಕಡೆಗೋ ಉಡೇಗೋಳದ ಕಡೆಗೋ ಗಾಡಿ ತಿರುಗಿಸಿ. ಬೆಳಗಿನ ಬಿಸಿಲು ತಪ್ಪಿದರೂ ಸಂಜೆಯದು ಇದೆ. ಒಂದು ಟಾರ್ಚ್, ಕುಡಿಯುವ ನೀರು, ಸಾಧ್ಯವಾದರೆ ಶಾಲೆಗೆ ಹೋಗುವ ಒಂದಿಬ್ಬರು ಮಕ್ಕಳು ಜೊತೆಗಿರಲಿ. ಬಂಡೆಯ ಮೇಲೆ ಕೈಯಿಡಬೇಡಿ, ನೀರು ಸುರಿಯಬೇಡಿ, ಸೀಮೆಸುಣ್ಣ ಶಾಲೆಯಲ್ಲೇ ಬಿಟ್ಟು ಬನ್ನಿ.