ಆಧಾರ ಶ್ರುತಿಯ ಮೇಲೆ ಎರಡು ಪಿಟೀಲು

ಡಿಸೆಂಬರ್ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ಬಿರಡೆಯ ಗೋಳೇ. ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯ ಪಿಟೀಲುಗಳಿಗೆ ಇದು ತಪ್ಪಿದ್ದಲ್ಲ. ಮಳೆಗಾಲದ ತೇವಕ್ಕೆ ಉಬ್ಬಿ ಕಚ್ಚಿಕೊಂಡಿದ್ದ ಬಿರಡೆ, ಗಾಳಿ ಒಣಗಿದ ಮೇಲೆ ಕುಗ್ಗಿ ಜಾರತೊಡಗುತ್ತದೆ. ಹೊರಗೆಳೆದು, ತೂತಿಗೆ ತಾಗುವ ಎರಡೂ ಕಡೆ ಸೀಮೆಸುಣ್ಣ ತಿಕ್ಕಿ, ಒಳಕ್ಕೆ ಒತ್ತುತ್ತಾ ತಿರುಗಿಸಿ. ಇನ್ನೊಂದು ಮಾತು. ಇದು ಅರೇಬಿಕಾ ಕೊಯ್ಲಿನ ತಿಂಗಳು. ಹಗಲಿಡೀ ಹಣ್ಣು ಕೊಯ್ದು, ಸಂಜೆ ಕಣದ ಕಾಫಿಗೆ ಟಾರ್ಪಾಲು ಹೊದಿಸಿ ಅಭ್ಯಾಸಕ್ಕೆ ಬರುವವರ ಬೆರಳು ಚಳಿಗೆ ಒಡೆದಿರುತ್ತದೆ. ಕೊಬ್ಬರಿ ಎಣ್ಣೆ ಹಚ್ಚುವುದಿದ್ದರೆ ಮಲಗುವ ಮುಂಚೆ ಹಚ್ಚಿ. ಎಣ್ಣೆಗೈ ಕಮಾನಿನ ಕೂದಲಿಗೆ ತಾಗಿತೋ, ಆಮೇಲೆ ಎಷ್ಟು ರಾಳ ತಿಕ್ಕಿದರೂ ಆ ಜಾಗ ತಂತಿಯನ್ನು ಹಿಡಿಯುವುದಿಲ್ಲ.

ಕ್ರಿಸ್‌ಮಸ್ ಬಲಿಪೂಜೆಗೆ ಯಾವ ತಂತಿ ಒಳ್ಳೆಯದು ಎಂದು ಈ ವಾರ ಬರೆಯುವುದಾಗಿ ಹೇಳಿದ್ದೆ. ಲೋಹದ ತಂತಿಯಾದರೆ ಹೊರಗಿನ ಚಳಿಯಲ್ಲಿ ಕೂಡಿಸಿದ ಶ್ರುತಿ ಜನ ತುಂಬಿದ ಇಗರ್ಜಿಯೊಳಗೆ ಇಳಿಯುತ್ತದೆ. ಆದ್ದರಿಂದ ಕಾಲು ಗಂಟೆ ಮುಂಚೆಯೇ ವಾದ್ಯವನ್ನು ಒಳಗೆ ತೆರೆದಿಡಿ. ತಂತಿಯ ವಿಷಯ ಇಷ್ಟಕ್ಕೇ ಸಾಕು. ಕೀಬೋರ್ಡಿನವರ ಜೊತೆ ನನಗೊಂದು ಹಳೆಯ ಲೆಕ್ಕ ಬಾಕಿಯಿದೆ, ಅದನ್ನು ಈ ಹಬ್ಬಕ್ಕೆ ಮುಂಚೆ ತೀರಿಸಬೇಕು.

ಪರಮಪ್ರಸಾದದ ಹೊತ್ತಿಗೂ ರಿದಮ್ ಗುಂಡಿ ಒತ್ತುವ ಅಭ್ಯಾಸ ನಮ್ಮ ಗುಡ್ಡದ ಇಗರ್ಜಿಗಳಿಗೂ ಬಂದುಬಿಟ್ಟಿದೆ. ಹಾಡುವವರ ಉಸಿರಿಗೆ ಅದು ಕಾಯುವುದಿಲ್ಲ. ನಮ್ಮಲ್ಲಿ ಒಂದೇ ಪೂಜೆಯಲ್ಲಿ ಕೊಂಕಣಿ, ಕನ್ನಡ ಎರಡೂ ಹಾಡುತ್ತಾರೆ, ಲೈನ್ ಮನೆಗಳ ಜನ ಹೆಚ್ಚಿದ್ದ ಕಡೆ ತಮಿಳೂ ಸೇರುತ್ತದೆ. ರಾಗ ಒಂದೇ ಇದ್ದರೂ ಪದಗಳ ಅಳತೆ ಬೇರೆ, ಉಸಿರು ನಿಲ್ಲುವ ಜಾಗ ಬೇರೆ. ಒಳ್ಳೆಯ ಪಿಟೀಲುಗಾರ ಕೊಂಕಣಿ ಚರಣಕ್ಕೆ ಒಂದು ಕಡೆ ಕಮಾನು ತಿರುಗಿಸುತ್ತಾನೆ, ಕನ್ನಡ ಚರಣಕ್ಕೆ ಇನ್ನೊಂದು ಕಡೆ. ಗುಂಡಿ ಒತ್ತಿ ಎಬ್ಬಿಸಿದ ತಾಳಕ್ಕೆ ಅದು ಹೇಗೆ ತಿಳಿಯಬೇಕು?

ಅವರ ವಾದ ಎರಡು. ಇಗರ್ಜಿಯ ನಿಯಮದಲ್ಲಿ ಆರ್ಗನ್ನಿಗೇ ಮೊದಲ ಸ್ಥಾನ, ಕೀಬೋರ್ಡು ಅದರ ಮಗು ಎನ್ನುವುದು ಒಂದು. 1903ರ ನವೆಂಬರ್ 22ರಂದು ಪೋಪ್ 10ನೇ ಪಯಸ್ ಹೊರಡಿಸಿದ ಆಜ್ಞೆಯಲ್ಲಿ ಆರ್ಗನ್ನಿಗೆ ಆ ಮಾನ ಇರುವುದು ನಿಜ. ಆದರೆ ಡ್ರಮ್ಮು, ಕಂಚಿನ ತಾಳಗಳಂಥ ಸದ್ದಿನ ವಾದ್ಯ ಬೇಡವೆಂದಿರುವುದೂ ಅದೇ ಆಜ್ಞೆ, ರಿದಮ್ ಗುಂಡಿಯಿಂದ ಹೊರಡುವುದು ಅವೇ ಸದ್ದು. ಇನ್ನು 12ನೇ ಪಯಸ್ ಪವಿತ್ರ ಸಂಗೀತದ ಬಗ್ಗೆ ಬರೆದ ಪರಿಪತ್ರದಲ್ಲಿ ಪಿಟೀಲು ಮತ್ತು ಕಮಾನಿನ ವಾದ್ಯಗಳನ್ನು ಹೆಸರು ಹಿಡಿದು ಹೊಗಳಿದ್ದಾರೆ. ಮನಸ್ಸಿನ ಸಂತೋಷವನ್ನೂ ದುಃಖವನ್ನೂ ಹೇಳುವ ಅವುಗಳ ಶಕ್ತಿ ದೊಡ್ಡದು ಎಂಬ ಅರ್ಥದಲ್ಲಿ. ಆ ಪರಿಪತ್ರದ ದಿನಾಂಕ 1955ರ ಡಿಸೆಂಬರ್ 25. 1963ರ ನವೆಂಬರಿನಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಹುಟ್ಟಿತು. ಕೆಲವೇ ವಾರಗಳಲ್ಲಿ, ಡಿಸೆಂಬರ್ 4ಕ್ಕೆ, ಎರಡನೇ ವ್ಯಾಟಿಕನ್ ಮಹಾಸಭೆ ಜನರ ಭಾಷೆಗೂ ಆರ್ಗನ್ನಿನ ಹೊರತಾದ ಯೋಗ್ಯ ವಾದ್ಯಗಳಿಗೂ ಬಾಗಿಲು ತೆರೆಯಿತು. ಸಂತ ಜೋಸೆಫರ ಪ್ರಧಾನಾಲಯ ನಮ್ಮ ಧರ್ಮಪ್ರಾಂತ್ಯದ ಪೀಠವಾದದ್ದೇ ಇಂಥ ಹೊತ್ತಿನಲ್ಲಿ. ಇಲ್ಲಿ ಪಿಟೀಲನ್ನು ಯಾರೂ ಅಂಗಳದಲ್ಲಿ ನಿಲ್ಲಿಸಬೇಕಾಗಿಲ್ಲ.

ಎರಡನೆಯ ವಾದ ಸದ್ದಿನದು. ಪಿಟೀಲು ಇಡೀ ಇಗರ್ಜಿಯನ್ನು ತುಂಬುವುದಿಲ್ಲವಂತೆ. ಮೈಕಿಲ್ಲದ ಸಭೆಗೆ ಕೇಳಿಸಲೆಂದು ಮೈಸೂರಿನ ಪಿಟೀಲು ಚೌಡಯ್ಯನವರು ತಂತಿಗಳನ್ನು ಏಳಕ್ಕೆ ಏರಿಸಿದ್ದರು. ನಮಗೆ ಅಷ್ಟೂ ಬೇಕಿಲ್ಲ. 1818ರ ಡಿಸೆಂಬರ್ 24ರ ರಾತ್ರಿ ಆಸ್ಟ್ರಿಯದ ಓಬೆರ್ನ್‌ಡೋರ್ಫಿನಲ್ಲಿ ‘ಸೈಲೆಂಟ್ ನೈಟ್’ ಮೊದಲ ಸಲ ಕೇಳಿಸಿದಾಗ ಜೊತೆಗಿದ್ದದ್ದು ಎರಡು ಕಂಠ, ಒಂದು ಗಿಟಾರು. ಪದ ಯೋಸೆಫ್ ಮೋರ್ ಅವರದು, ರಾಗ ಫ್ರಾನ್ಸ್ ಗ್ರೂಬರ್ ಅವರದು. ಇಂದು ಜಗತ್ತೆಲ್ಲ ಹಾಡುವ ಆ ಹಾಡಿಗೆ ಅಷ್ಟೇ ಸದ್ದು ಸಾಕಾಗಿತ್ತು.

ನನ್ನ ನಿಜವಾದ ತಕರಾರು ಸದ್ದಿನದ್ದೂ ಅಲ್ಲ, ಗಾಂಧಾರದ್ದು. ನಮ್ಮ ಗುಡ್ಡಕ್ಕೆ ಪಿಟೀಲು ಎರಡು ದಾರಿಯಲ್ಲಿ ಬಂತು. ಗೋವದ ಇಗರ್ಜಿ ಶಾಲೆಗಳಲ್ಲಿ ಹುಡುಗರಿಗೆ ಸ್ವರಪಾಠ, ಪಿಟೀಲು ಕಲಿಸುತ್ತಿದ್ದರು. ಗೋವದಿಂದ ಮಂಗಳೂರಿಗೆ, ಅಲ್ಲಿಂದ ಚಾರ್ಮಾಡಿ ಹತ್ತಿ ಕಾಫಿ ತೋಟಗಳಿಗೆ ಬಂದ ಕುಟುಂಬಗಳ ನೆನಪಿನಲ್ಲಿ ಆ ನಾದ ಇದೆ. ಇನ್ನೊಂದು ದಾರಿ ಮದ್ರಾಸಿನಲ್ಲಿ ಯುರೋಪಿನವರಿಂದ ಕಲಿತ ಬಾಲುಸ್ವಾಮಿ ದೀಕ್ಷಿತರಿಂದ ಹೊರಟು ಕಚೇರಿಗಳ ಮೂಲಕ ಬಂದದ್ದು. ಇವತ್ತು ನಮ್ಮ ಕ್ವಾಯರುಗಳಿಗೆ ಬರುವ ಮಕ್ಕಳಲ್ಲಿ ಅನೇಕರು ಈ ಎರಡನೆಯ ದಾರಿಯವರು. ನೆಲದ ಮೇಲೆ ಕೂತು, ವಾದ್ಯದ ತುದಿಯನ್ನು ಪಾದಕ್ಕೆ ಆನಿಸಿ, ತಂಬೂರಿಗೆ ಕಿವಿಗೊಟ್ಟು ಕಲಿತವರು. (ಅವರನ್ನು ಬಲವಂತವಾಗಿ ನಿಲ್ಲಿಸಬೇಡಿ. ಗೋದಲಿಯ ಪಕ್ಕ ಒಂದು ಜಮಖಾನ ಹಾಸಿಕೊಡಿ.) ಅವರ ಕಿವಿ ಷಡ್ಜದ ಮೇಲೆ ಅಂತರ ಗಾಂಧಾರ ಎಲ್ಲಿ ಕೂಡುತ್ತದೋ ಅಲ್ಲಿಗೇ ಬೆರಳನ್ನು ಒಯ್ಯುತ್ತದೆ. ಕೀಬೋರ್ಡಿನ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟಿನಷ್ಟು ಮೇಲಿದೆ. ಅರ್ಧ ಸ್ವರಕ್ಕೆ 100 ಸೆಂಟು ಎಂಬ ಅಳತೆಯಲ್ಲಿ ಇದು ಸಣ್ಣದಲ್ಲ. ಕೀಬೋರ್ಡು ಕಾರ್ಡು ಹಿಡಿದು ಕೂತಾಗ ಮಗು ತನ್ನ ಸರಿಯಾದ ಸ್ವರವನ್ನು ಬಿಟ್ಟು ಮೇಲಕ್ಕೆ ಸರಿಯಬೇಕಾಗುತ್ತದೆ. ಇದು ನನಗೆ ಸಹಿಸಲಾಗದ ವಿಷಯ.

ಇದಕ್ಕೆ ಔಷಧ ಕೊರೆಲ್ಲಿಯಲ್ಲಿದೆ. ಸಂಗೀತ ರಚನೆಕಾರ ಅರ್ಕಾಂಜೆಲೊ ಕೊರೆಲ್ಲಿ 1713ರಲ್ಲಿ ತೀರಿಕೊಂಡರು, ಅವರ ಆರನೇ ಕೃತಿಗುಚ್ಛದ ಕಾನ್‌ಚೆರ್ಟೊಗಳು ಅಚ್ಚಾದದ್ದು ಮರುವರ್ಷ. ಅದರಲ್ಲಿ ಎಂಟನೆಯದು ಕ್ರಿಸ್‌ಮಸ್ ರಾತ್ರಿಗೆಂದೇ ಮಾಡಿದ್ದು. ಮುಂದೆ ನಿಲ್ಲುವವರು ಮೂವರೇ: ಎರಡು ಪಿಟೀಲು, ಒಂದು ಚೆಲ್ಲೊ. ಆರಂಭದ ನಿಧಾನ ಭಾಗಕ್ಕೆ ಕೊರೆಲ್ಲಿ ಕೊಟ್ಟ ಸೂಚನೆಯನ್ನು ಗಮನಿಸಿ. ಕಮಾನನ್ನು ಉದ್ದಕ್ಕೆ ಎಳೆಯಿರಿ, ಬರೆದದ್ದನ್ನು ಬರೆದ ಹಾಗೆಯೇ ನುಡಿಸಿ. ಅಲಂಕಾರ ಸೇರಿಸುವುದು ಆ ಕಾಲದ ವಾಡಿಕೆಯಾಗಿತ್ತು, ಈ ಮನುಷ್ಯ ಇಲ್ಲಿ ಬೇಡವೆಂದರು. ಕ್ಯಾರಲ್ಲಿನ ಪ್ರತಿ ಸ್ವರಕ್ಕೂ ಗಮಕ ಹಾಕುವವರು ಇದನ್ನು ಮನಸ್ಸಿಗೆ ತೆಗೆದುಕೊಳ್ಳಬೇಕು.

ಕೊನೆಯ ಭಾಗ ಪಾಸ್ಟೊರಾಲೆ, ಕುರುಬರ ರಾಗ. ಹಬ್ಬಕ್ಕೆ ಮುಂಚೆ ಇಟಲಿಯ ಬೆಟ್ಟದ ಕುರುಬರು ರೋಮಿಗೆ ಇಳಿದು ಬಂದು, ಬೀದಿಯಲ್ಲಿ ಮರಿಯಮ್ಮನವರ ಚಿತ್ರದ ಮುಂದೆ ಚೀಲದ ಕೊಳಲು ಊದುತ್ತಿದ್ದರು. ಕೊರೆಲ್ಲಿ ಅದನ್ನೇ ತಂತಿಗೆ ತಂದರು. ಅಲ್ಲಿಯವರೆಗೂ ಕೃತಿಯ ನೆಲೆ ಜಿ ಮೈನರ್. ಇಲ್ಲಿ ಜಿ ಮೇಜರಿಗೆ ತಿರುಗುತ್ತದೆ, ಅಂದರೆ ಸಾಧಾರಣ ಗಾಂಧಾರ ಹೋಗಿ ಅಂತರ ಗಾಂಧಾರ ಬರುತ್ತದೆ. ಲಯ 12/8, ನಮ್ಮ ಲೆಕ್ಕದಲ್ಲಿ ನಾಲ್ಕು ಏಟು, ತಿಶ್ರ ನಡೆ. ಕೆಳಗೆ ಚೀಲದ ಕೊಳಲಿನ ಆಧಾರ ಶ್ರುತಿ ಎಳೆದುಕೊಂಡೇ ಇರುತ್ತದೆ, ಮೇಲೆ ಎರಡು ಪಿಟೀಲು ಒಂದಕ್ಕೊಂದು ಮೂರನೇ ಸ್ವರದ ಅಂತರದಲ್ಲಿ ಜೊತೆಯಾಗಿ ತೂಗುತ್ತವೆ. ತಂಬೂರಿ ಕೇಳಿ ಬೆಳೆದ ಮಲೆನಾಡಿನ ಮಗುವಿಗೆ ಇದಕ್ಕಿಂತ ಹತ್ತಿರದ ಪಾಶ್ಚಾತ್ಯ ಸಂಗೀತ ನನಗೆ ಗೊತ್ತಿಲ್ಲ. ಹ್ಯಾಂಡೆಲ್ ತಮ್ಮ ‘ಮೆಸ್ಸಾಯ’ದಲ್ಲಿ ಕುರುಬರ ಪ್ರಸಂಗಕ್ಕೆ ಬರೆದ ತುಣುಕೂ ಇದೇ ಜಾಡಿನದು, ಆದರೆ ನನಗೆ ಕೊರೆಲ್ಲಿಯೇ ಮೇಲು.

ಈ ಭಾಗವನ್ನು ನುಡಿಸುವುದೂ ಬಿಡುವುದೂ ನಿಮ್ಮಿಷ್ಟ ಎಂದು ಕೊರೆಲ್ಲಿಯೇ ಗುರುತು ಹಾಕಿದ್ದಾರೆ. ಆದ್ದರಿಂದ ಉಳಿದ ಭಾಗಗಳ ಗೊಡವೆಯಿಲ್ಲದೆ ಇದನ್ನಷ್ಟೇ ಎತ್ತಿಕೊಳ್ಳಬಹುದು. ಪಾಶ್ಚಾತ್ಯ ಶ್ರುತಿಯಲ್ಲಿ ಕಲಿತ ಇಬ್ಬರು ಮೇಲಿನ ಎರಡು ಸಾಲು ಹಿಡಿಯಲಿ. ಕರ್ನಾಟಕ ಪದ್ಧತಿಯವರು ಕೆಳಗಿನ ಎರಡು ತಂತಿಗಳನ್ನು ಹೇಗಿವೆಯೋ ಹಾಗೇ ಬಿಟ್ಟು, ಮೇಲಿನ ಎರಡನ್ನು ಒಂದೊಂದು ಸ್ವರ ಇಳಿಸಿದರೆ ಜಿ ಷಡ್ಜಕ್ಕೆ ಸ-ಪ-ಸ-ಪ ಸಿದ್ಧ. ಕೆಳಗಿನ ಎರಡು ತಂತಿಗಳನ್ನು ಒಟ್ಟಿಗೆ ಎಳೆದರೆ ಆಧಾರ ಶ್ರುತಿ ಸಿಕ್ಕಿತು. ಚೆಲ್ಲೊ ನಮ್ಮಲ್ಲಿ ಎಲ್ಲಿ ಸಿಗಬೇಕು? ರಾಗ ಆಧಾರವನ್ನು ಬಿಟ್ಟು ಬೇರೆಡೆ ನಡೆದಾಗ ಕಮಾನು ಎತ್ತಿ, ಮಂದ್ರದ ಸಾಲನ್ನು ಹಾರ್ಮೋನಿಯಂನಲ್ಲಿ ಒಂದೊಂದೇ ಸ್ವರವಾಗಿ ಹಿಡಿಯಿರಿ. ಕಾರ್ಡು ಬೇಡ. ಆಗಮನ ಕಾಲದ ಭಾನುವಾರಗಳಲ್ಲಿ ಇದನ್ನು ನುಡಿಸಲೂ ಬೇಡಿ. ಆ ವಾರಗಳಲ್ಲಿ ವಾದ್ಯ ಮಿತವಾಗಿರಬೇಕು, ಜನನದ ಸಂಭ್ರಮವನ್ನು ಮುಂಚೆಯೇ ಖರ್ಚು ಮಾಡಬಾರದು ಎಂಬ ನಿಯಮ ಸರಿಯಾಗಿಯೇ ಇದೆ.

ಗುರುಗಳು ಪರಮಪ್ರಸಾದ ಹಂಚಲು ಇಳಿದಾಗ ಮೊದಲು ಆಧಾರ ಶ್ರುತಿ ಒಂದೇ ಕೇಳಿಸಲಿ, ಆಮೇಲೆ ರಾಗ. ಜನರ ಸಾಲು ಉದ್ದವಾದರೆ ಮೊದಲಿಂದ ಮತ್ತೆ ಹಿಡಿಯಿರಿ. ಸಾಲು ಬೇಗ ಮುಗಿದರೆ ಜಿ ಸ್ವರಕ್ಕೆ ಬಂದು ಕೂಡುವ ಹತ್ತಿರದ ಜಾಗದಲ್ಲಿ ನಿಲ್ಲಿಸಿ. ಕೃತಿ ಪೂರ್ತಿಯಾಗಲಿ ಎಂದು ಪೀಠದಲ್ಲಿರುವವರನ್ನು ಕಾಯಿಸಬೇಡಿ.