ಓಝರ್‌ನಿಂದ ವಡಾಲಾಕ್ಕೆ: ಕಾಲು ಮುಂದೆ, ಮನಸ್ಸು ಹಿಂದೆ

ಬಾವಿಯಲ್ಲಿ ಹೆಣ ಬಿದ್ದಿದೆ. ಅದನ್ನು ಕಾಯಲು ನಿಂತ ದಾಮೂಗೆ ಪೊಲೀಸ್ ಅಧಿಕಾರಿಯ ಆಜ್ಞೆ: ಇಳಿದು ಎತ್ತು. ಅದು ತನ್ನ ಕೆಲಸವಲ್ಲ ಎಂದು ದಾಮೂ ನಿಂತಲ್ಲೇ ನಿಲ್ಲುತ್ತಾನೆ, ಏಟು ತಿನ್ನುತ್ತಾನೆ, ಬಗ್ಗುವುದಿಲ್ಲ. ಹೆಂಡತಿ ಸೋನೂಳನ್ನು ಕರೆದುಕೊಂಡು ರಾತ್ರೋರಾತ್ರಿ ಊರು ಬಿಟ್ಟು ಮುಂಬಯಿಯತ್ತ ಹೆಜ್ಜೆ ಹಾಕುತ್ತಾನೆ. ಊರು ನಾಸಿಕ್ ಬಳಿಯ ಓಝರ್, ಇಂದು ಎಚ್‌ಎಎಲ್ ವಿಮಾನ ಕಾರ್ಖಾನೆಯಿಂದ ಹೆಸರಾಗಿರುವುದು. ಕಾಲ 1930ರ ಆಸುಪಾಸು. ಅಸ್ಪೃಶ್ಯರೆನಿಸಿದ್ದ ಮಹಾರ್ ಮನೆಗಳ ಪಾಲಿಗೆ ಸರದಿಯಂತೆ ಬರುತ್ತಿದ್ದ ‘ಯೇಸ್ಕರ್’ ಎಂಬ ಊರ ಚಾಕರಿಯನ್ನು ದಾಮೂ ಅಂದು ಊರಿನಲ್ಲೇ ಬಿಟ್ಟು ಹೊರಡುತ್ತಾನೆ.

ಅರ್ಥಶಾಸ್ತ್ರಜ್ಞ ನರೇಂದ್ರ ಜಾಧವ್ 1993ರಲ್ಲಿ ಮರಾಠಿಯಲ್ಲಿ ಬರೆದ ‘ಆಮಚಾ ಬಾಪ್ ಆನ್ ಆಮ್ಹೀ’ ಈ ಕುಟುಂಬದ ಕಥೆ; ದಾಮೂ ಅವರ ಅಪ್ಪ. ಇದರ ಇಂಗ್ಲಿಷ್ ರೂಪ ‘ಔಟ್‌ಕಾಸ್ಟ್’ 2003ರಲ್ಲಿ ಬಂತು. ನಿವೃತ್ತನಾದ ಅಪ್ಪ ಸುಮ್ಮನೆ ಕೂರಲಾರದೆ ಚಡಪಡಿಸುತ್ತಿದ್ದಾಗ ಮಗ ಕೈಗೆ ಪೆನ್ನು ಕೊಟ್ಟ. ಹೆಚ್ಚು ಓದದ ದಾಮೂ ತನ್ನ ನೆನಪುಗಳನ್ನು ಬರೆದಿಟ್ಟ. ಪುಸ್ತಕ ಬೆಳೆದದ್ದು ಆ ಬರಹದಿಂದ, ಸೋನೂ ಹೇಳಿದ ಮಾತುಗಳಿಂದ.

ಇಂಗ್ಲಿಷ್ ರೂಪದಲ್ಲಿ ಗಂಡ ಹೆಂಡತಿ ಸರದಿಯಲ್ಲಿ ಕಥೆ ಹೇಳುತ್ತಾರೆ. ಕೃತಿಯ ಜೀವ ಇರುವುದು ಅಲ್ಲೇ. ದಾಮೂಗೆ ಮುಂಬಯಿ ಹೊಸದಲ್ಲ. ಹುಡುಗನಾಗಿದ್ದಾಗ ಅಲ್ಲಿ ಪೇಪರ್ ಮಾರಿದವನು, ಬಿಳಿಯ ಸಾಹೇಬನೊಬ್ಬನ ಮನೆಯಲ್ಲಿ ಕೆಲಸಕ್ಕಿದ್ದವನು. ಜಾತಿ ಕೇಳದೆ ಕೂಲಿ ಕೊಡುವ ಜಾಗ ಇದೆಯೆಂದು ಅವನ ಮೈಗೆ ಗೊತ್ತು. ಸೋನೂಗೆ ಗೊತ್ತಿಲ್ಲ. ಅವಳಿಗೆ ಊರೆಂದರೆ ದೇವರು, ಹಬ್ಬ, ತವರು. ಮುಂದೆ ರೈಲ್ವೆ, ಪೋರ್ಟ್ ಟ್ರಸ್ಟ್ ಎಂದು ಗಂಡನ ದುಡಿಮೆ ಸಾಗಿ ಸಂಸಾರ ಮುಂಬಯಿಯ ವಡಾಲಾದಲ್ಲಿ ನೆಲೆ ನಿಂತರೂ ಅವಳ ಮನಸ್ಸು ಹಿಂದೆಯೇ ತಡೆದು ನಿಲ್ಲುತ್ತದೆ. ನಾಸಿಕ್‌ನ ಕಾಳಾರಾಮ ದೇಗುಲದ ಬಾಗಿಲು ತೆರೆಸಲು 1930ರಲ್ಲಿ ಹೋರಾಡಿದವರೇ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಜೊತೆ ಬೌದ್ಧರಾಗಲು ಆ ದೇವರುಗಳನ್ನೇ ಬಿಡಬೇಕಾದಾಗ ಸೋನೂ ಅಂಜುತ್ತಾಳೆ: ಬಿಟ್ಟ ದೇವರು ಮುನಿದರೆ ಮಕ್ಕಳ ಗತಿಯೇನು? ಈ ಅಂಜಿಕೆಯನ್ನು ಮುಚ್ಚಿಡದಿರುವುದು ಪುಸ್ತಕದ ದೊಡ್ಡತನ. ಊರಿನಿಂದ ಮುಂಬಯಿಗೆ ಬರಲು ಹಿಡಿದದ್ದು ಕೆಲವೇ ದಿನ. ಊರು ಒಳಗಿನಿಂದ ಹೋಗಲು ಕಾಲು ಶತಮಾನ ಬೇಕಾಯಿತು.

ಆದರೆ ಒಂದು ಅನುಮಾನ ಓದಿನುದ್ದಕ್ಕೂ ಕಾಡುತ್ತದೆ. ಇಲ್ಲಿ ಮಾತಾಡುತ್ತಿರುವವರು ಯಾರು? ಇಂಗ್ಲಿಷಿನ ದಾಮೂ ತೀರಾ ಅಚ್ಚುಕಟ್ಟಾಗಿ ಮಾತಾಡುತ್ತಾನೆ. ಅಂಬೇಡ್ಕರ್ ಭಾಷಣಗಳ ಭಾಗವಂತೂ ಚರಿತ್ರೆಯ ಪಾಠದಂತಿದೆ. ಪೋರ್ಟ್ ಟ್ರಸ್ಟ್ ಕೂಲಿಯ ಬೆವರು, ಸಿಟ್ಟು, ಒರಟು ಮರಾಠಿ ಮಗನ ತಿದ್ದುಪಡಿಯಲ್ಲಿ ಸೋರಿಹೋಗಿವೆ. ದಯಾ ಪವಾರರ ಆತ್ಮಕಥೆ ‘ಬಲುತ’ (1978) ಪಕ್ಕದಲ್ಲಿಟ್ಟರೆ ಕೊರತೆ ಎದ್ದು ಕಾಣುತ್ತದೆ. ಅಲ್ಲಿ ಬರುವ ಮುಂಬಯಿಯ ಕಾವಾಖಾನಾ ಕೇರಿಯಲ್ಲಿ ಹಸಿವು, ಹೆಂಡ, ನಾಚಿಕೆ ಎಲ್ಲವೂ ಹಸಿಹಸಿಯಾಗಿವೆ. ಮಂಚನಬೆಲೆಯಿಂದ ಬೆಂಗಳೂರಿಗೆ ಬಂದ ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರು ಕೇರಿ’ಯಲ್ಲಿ (1996) ನೋವನ್ನೇ ನಗೆಯಾಗಿಸುವ ಮಾತಿನ ಸೊಗಸಿದೆ. ಜಾಧವರ ಪುಸ್ತಕಕ್ಕೆ ಆ ಎರಡೂ ದಾರಿ ಬೇಡ. ಅದು ಗೆಲುವಿನ ಕಥೆಯಾಗಲು ಹೊರಟಿದೆ.

ಅದರಿಂದ ಆಗಿರುವ ನಷ್ಟ ಕೊನೆಯ ಭಾಗದಲ್ಲಿ ಗೊತ್ತಾಗುತ್ತದೆ. ನರೇಂದ್ರರ ಇಂಡಿಯಾನಾ ವಿಶ್ವವಿದ್ಯಾಲಯದ ಪಿಎಚ್.ಡಿ., ರಿಸರ್ವ್ ಬ್ಯಾಂಕಿನ ಹುದ್ದೆ, ಮಕ್ಕಳ ಏಳಿಗೆ: ಹೆಮ್ಮೆಪಡಬೇಕಾದವೇ, ಅವಕ್ಕೆ ದಾಮೂ ತೆತ್ತ ಬೆಲೆ ಸಣ್ಣದಲ್ಲ. ಆದರೂ ವಡಾಲಾದ ಓಣಿಯಿಂದ ಅಧಿಕಾರದ ಕೋಣೆಗೆ ಹೋದವನ ಒಳಗೆ ಏನಾಯಿತು ಎಂಬುದು ಅಮ್ಮನ ಅಂಜಿಕೆಯಷ್ಟು ಆಳವಾಗಿ ದಾಖಲಾಗಿಲ್ಲ. ದಾಮೂವಿನ ಮೊಮ್ಮಗಳು ಅಪೂರ್ವಾ ಬರೆದ ಪುಟಗಳಲ್ಲಿ ಜಾತಿ ಬಹುಮಟ್ಟಿಗೆ ಹಿರಿಯರು ಹೇಳಿದ ಸಂಗತಿ. ಅವಳಿಗೂ ಅಜ್ಜಿಗೂ ನಡುವಿನ ದೂರವನ್ನು ತಂದೆ ಇನ್ನಷ್ಟು ಕೆದಕಬೇಕಿತ್ತು.

ದಾಮೂ ಬರೆದಿಟ್ಟ ಪುಟಗಳಲ್ಲಿ ಕೆಲವನ್ನಾದರೂ ಕಾಗುಣಿತ ತಿದ್ದದೆ, ವಾಕ್ಯ ಜೋಡಿಸದೆ ಮುಂದಿನ ಆವೃತ್ತಿಯೊಂದರಲ್ಲಿ ಅಚ್ಚು ಹಾಕಿದರೆ, ಅಪ್ಪನ ಮಾತು ಎಲ್ಲಿ ಮುಗಿದು ಮಗನದು ಎಲ್ಲಿ ಶುರುವಾಗುತ್ತದೆಂದು ಓದುಗರೇ ನೋಡಿಕೊಳ್ಳಬಹುದು.