ಸೀಸ ಮತ್ತು ಸುರೆ

ಇಂಗ್ಲೆಂಡಿನ ಡೆವನ್ ಪ್ರಾಂತದ ಉದರಶೂಲೆಯನ್ನು ಕುರಿತು ವೈದ್ಯ ಜಾರ್ಜ್ ಬೇಕರ್ 1767ರಲ್ಲಿ ಮಂಡಿಸಿದ ಪ್ರಬಂಧವು ಪರೀಕ್ಷಕಬುದ್ಧಿಗೆ ಉತ್ತಮ ನಿದರ್ಶನ. ಅಲ್ಲಿಯ ಸೈಡರ್ ಎಂಬ ಸೇಬಿನ ಮದ್ಯದಲ್ಲಿ ಸೀಸವಿದೆ, ಹೆರಿಫರ್ಡ್‌ಶೈರಿನ ಮದ್ಯದಲ್ಲಿ ಇಲ್ಲವೆಂದು ಅವರು ಪ್ರಯೋಗದಿಂದ ತೋರಿಸಿದರು. ಹಣ್ಣು ಅರೆಯುವ ಕಲ್ಲುಗಳನ್ನು ಬೆಸೆದ ಸೀಸವು ಹುಳಿರಸದಲ್ಲಿ ಕರಗಿ ದೇಹವನ್ನು ಸೇರುತ್ತಿತ್ತು. ಪ್ರಬಂಧದ ಮಿತಿಯೂ ಇಲ್ಲಿಯೇ ಇದೆ: ಸೀಸವು ತೊಲಗಿದರೆ ಅದರ ಆಕ್ಷೇಪವೂ ತೊಲಗುತ್ತದೆ. ಮದ್ಯತ್ಯಾಗಕ್ಕೆ ರೋಗಭಯವೊಂದನ್ನೇ ಆಧಾರ ಮಾಡುವ ಪ್ರವಚನಕಾರರು ಇದನ್ನು ಗಮನಿಸಬೇಕು.

ಅಮೃತಚಂದ್ರಾಚಾರ್ಯರ ‘ಪುರುಷಾರ್ಥಸಿದ್ಧ್ಯುಪಾಯ’ವು ಇನ್ನೂ ಆಳಕ್ಕಿಳಿಯುತ್ತದೆ. ಕುಡಿದವನ ಚಿತ್ತವು ಮಸುಕಾಗಿ ಹಿಂಸೆಗೆ ತಡೆಯೇ ಉಳಿಯದೆಂಬುದು ಅದರ ವಾದ. ಮದ್ಯದಲ್ಲಿ ಹುಟ್ಟುವ ಜೀವಿಗಳ ಘಾತವಂತೂ ಇದ್ದೇ ಇದೆ. ಪಾತ್ರೆ ಎಷ್ಟು ಶುದ್ಧವಾದರೂ ಈ ದೋಷ ಹೋಗದು. ಇನ್ನು ಸೀಸವಿರುವುದನ್ನು ತಿಳಿದೂ ಮಾರುವ ವರ್ತಕನ ಅಪರಾಧ ಬೇರೆ. ಬೆರಕೆಯ ವ್ಯಾಪಾರವನ್ನು ‘ತತ್ತ್ವಾರ್ಥಸೂತ್ರ’ವು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದೆ.